ಒಂದು ಬೆರಳು ಹೆಚ್ಚು

ಆ ಕಾರ್ಖಾನೆಯಲ್ಲಿ ಅವನಿಗೆ ಬೆರಳು ಮೇಸ್ತ್ರಿ ಎಂದೇ ಹೆಸರು. ಬೆರಳು ಕಳೆದುಕೊಂಡವರನ್ನು ಹಾಗೆ ಕರೆಯುವುದು ಯಂತ್ರಗಳ ನಡುವೆ ಬದುಕುವವರಲ್ಲಿ ಮಾಮೂಲು. ಇವನಿಗಾದರೋ ಹತ್ತೂ ಬೆರಳು ನೆಟ್ಟಗಿದ್ದವು. ಮೂವತ್ತೊಂದು ವರ್ಷ ಒಂದೇ ಶೇಪರ್ ಯಂತ್ರದ ಮುಂದೆ ನಿಂತು, ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು ಹೇಳುತ್ತ ಬಂದದ್ದರಿಂದ ಅಂಟಿಕೊಂಡ ಹೆಸರು ಅದು. "ಎರಡೂ ಕಡೆ ಒಂದೊಂದು ಬೆರಳು ಹೆಚ್ಚಿಗೆ ಬಿಡಿ" ಎನ್ನುವುದೇ ಆ ಮಾತು.

ಶೇಪರ್ ಕಾಣದವರಿಗೆ ಇಷ್ಟು ಹೇಳಿದರೆ ಸಾಕು. ಅದರ ಹೊಟ್ಟೆಯೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ ಸುತ್ತುತ್ತಿರುತ್ತದೆ. ಮೇಲೆ, ಉಳಿ ಕಚ್ಚಿಕೊಂಡ ಕಬ್ಬಿಣದ ತಲೆಯೊಂದು ಮುಂದೆ ಹೋಗಿ ಹಿಂದೆ ಬರುತ್ತದೆ. ಹೋಗುವಾಗ ಲೋಹ ಕೆರೆಯುತ್ತದೆ, ಬರುವಾಗ ಸುಮ್ಮನೆ ಬರುತ್ತದೆ. ಚಕ್ರದ ಸುತ್ತಾಟವನ್ನು ತಲೆಯ ಓಡಾಟವಾಗಿ ಬದಲಾಯಿಸುವುದು ಚಕ್ರದ ಮೈಮೇಲೆ ನಿಂತ ಒಂದು ಗೂಟ. ಕೀಲಿ ತಿರುಗಿಸಿ ಆ ಗೂಟವನ್ನು ಚಕ್ರದ ನಡುವಿನಿಂದ ಆಚೆ ಸರಿಸಿದರೆ ಓಟ ಉದ್ದವಾಗುತ್ತದೆ, ಈಚೆ ತಂದರೆ ಗಿಡ್ಡವಾಗುತ್ತದೆ. ನಟ್ಟನಡುವಿಗೇ ತಂದು ನಿಲ್ಲಿಸಿದರೆ ಚಕ್ರ ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದೆ, ತಲೆ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಈ ಓಟ ಕೆರೆಯಬೇಕಾದ ತುಂಡಿನಷ್ಟೇ ಉದ್ದವಿದ್ದರೆ ಸಾಲದು. ಉಳಿ ತುಂಡಿಗಿಂತ ಮೊದಲೇ ಹೊರಟು, ತುಂಡು ದಾಟಿದ ಮೇಲೆ ನಿಲ್ಲಬೇಕು. ಇಲ್ಲವೆಂದರೆ ಅಂಚಿನಲ್ಲಿ ದಿಣ್ಣೆ ಉಳಿಯುತ್ತದೆ, ಉಳಿಯ ಮೂತಿ ಮುರಿಯುತ್ತದೆ. ಮೇಸ್ತ್ರಿಯ ಬೆರಳಿನ ಅಳತೆ ಬಂದದ್ದು ಇದಕ್ಕೇ. ಅಳತೆಪಟ್ಟಿ ಹಿಡಿಯುವ ಗೋಜಿಗೆ ಹೋಗದೆ ತೋರುಬೆರಳನ್ನು ಅಂಚಿಗೆ ಒತ್ತಿ, ಕೀಲಿ ತಿರುಗಿಸಿ, ನಟ್ಟು ಬಿಗಿದುಬಿಡುತ್ತಿದ್ದ. ವರ್ಷಗಟ್ಟಲೆ ಮಾಡಿ ಮಾಡಿ ಆ ಕೈಗೆ ಬುದ್ಧಿಯ ಅಪ್ಪಣೆಯೇ ಬೇಡವಾಗಿತ್ತು. ಪಕ್ಕದ ಲೇತ್ ಯಂತ್ರದವನು, "ನಮ್ಮ ಮೇಸ್ತ್ರಿ ಸತ್ತರೆ ಗುಂಡೀನೂ ಎರಡು ಕಡೆ ಒಂದೊಂದು ಬೆರಳು ಜಾಸ್ತಿ ತೋಡಬೇಕು" ಎಂದು ನಗಿಸುತ್ತಿದ್ದ.

ಮೇಸ್ತ್ರಿಗೆ ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಅವನಿಗೆ ಬುದ್ಧಿ ತಿಳಿಯುವ ತನಕ ಬಾಯಿಗೆ ಬಿದ್ದ ತುತ್ತೆಲ್ಲ ಅವಳ ಬಲಗೈಯಿಂದ ಬಂದದ್ದು. ದೊಡ್ಡವಳಾದ ಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ಮೂವತ್ತು ವರ್ಷ ಅದೇ ಬಲಗೈಯಿಂದ ಕೈಯಾಡದ ರೋಗಿಗಳಿಗೆ ಉಣಿಸಿದಳು. ಮದುವೆಯ ಮಾತು ಬಂದಾಗಲೆಲ್ಲ "ಉಣಿಸೋಕೆ ಇಡೀ ವಾರ್ಡೇ ಇದೆ, ಇನ್ನೊಬ್ಬ ಯಾಕೆ" ಎಂದು ತಳ್ಳಿಹಾಕಿದಳು. ಕೆಲಸ ಬಿಟ್ಟ ಮೇಲೆ ಅವಳ ಎಡಗೈಗೆ ನಡುಕ ಶುರುವಾಯಿತು. ಆ ಕೈಯಲ್ಲಿ ಚಮಚ ಹಿಡಿದರೆ ಬಾಯಿ ಮುಟ್ಟುವುದರೊಳಗೆ ಖಾಲಿ. ಮೇಸ್ತ್ರಿಯ ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಒಂದನೇ ಮಹಡಿಯ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿಯೇ ಇದ್ದರು.

ಒಂದು ಬೆಳಿಗ್ಗೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮೆಟ್ಟಿಲೇರುವಾಗ ಅಕ್ಕ ಜಾರಿದಳು. ಮುರಿದದ್ದು ಬಲ ಮೊಣಕೈ. ಆರು ವಾರದ ನಂತರ ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿಕೊಂಡಿತ್ತು, ಕೀಲು ಮಾತ್ರ ಬಾಗಿಸಿಟ್ಟ ಪೈಪಿನ ಹಾಗೆ ಒಂದೇ ಕಡೆ ನಿಂತುಬಿಟ್ಟಿತ್ತು. ಆ ಕೈ ಬಾಗಿಲು ತಟ್ಟಬಲ್ಲದು, ಎದುರಿಗೆ ಕೂತವರ ಬಾಯಿಗೆ ತುತ್ತನ್ನೂ ಇಡಬಲ್ಲದು. ಅವಳ ಸ್ವಂತ ಬಾಯಿ ಮಾತ್ರ ಅದಕ್ಕೆ ಒಂದು ಗೇಣು ದೂರ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಗಾದೆ ಇದೆಯಲ್ಲ, ಯಾರೋ ನನ್ನ ನೋಡಿಯೇ ಮಾಡಿರ್ಬೇಕು ಕಣೋ" ಎಂದು ಮೊದಲ ದಿನ ಅಕ್ಕ ನಕ್ಕಳು. ಎರಡನೆಯ ವಾರಕ್ಕೆ ನಗುವುದನ್ನು ಬಿಟ್ಟಳು.

ಮೇಸ್ತ್ರಿ ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ, ಅವಳಿಗೆ ಗಂಜಿಯನ್ನೋ ಮೆತ್ತಗೆ ಬೆಂದ ಅನ್ನವನ್ನೋ ಉಣಿಸುತ್ತಿದ್ದ. ಮಧ್ಯಾಹ್ನ ಕೆಳಗಿನ ಮನೆಯ ಹೆಂಗಸು ಬಂದು ಉಣಿಸುತ್ತಿದ್ದಳು. ಅಕ್ಕ ಗೋಡೆಯ ಕಡೆ ನೋಡುತ್ತ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ನಾಲ್ಕು ಚಮಚ ಆಗುವಷ್ಟರಲ್ಲಿ "ಸಾಕು" ಎನ್ನುತ್ತಿದ್ದಳು. ಒಂದು ದಿನ ಅವಳು ಬಿಟ್ಟ ಗಂಜಿಯನ್ನು ಮೇಸ್ತ್ರಿ ತಾನೇ ಕುಡಿದ. ಅದರಲ್ಲಿ ಉಪ್ಪೇ ಇರಲಿಲ್ಲ. ಅವನೇ ಹಾಕಲು ಮರೆತಿದ್ದ. ಅಡುಗೆಯಲ್ಲಿ ಒಂದು ಹರಳು ಉಪ್ಪು ಹೆಚ್ಚುಕಮ್ಮಿಯಾದರೆ ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದ ಅಕ್ಕ, ಆ ಸಪ್ಪೆ ಗಂಜಿಯನ್ನು ತುಟಿಪಿಟಕ್ಕೆನ್ನದೆ ನುಂಗಿದ್ದಳು.

ಮೇಸ್ತ್ರಿ ಬಟ್ಟಲನ್ನು ಕೆಳಗಿಟ್ಟ. ಬಹಳ ವರ್ಷಗಳ ಹಿಂದೆ ಇದೇ ಅಕ್ಕ ವಾರ್ಡಿನಿಂದ ಬಂದು ಕಾಲು ಚಾಚಿ ಕೂತು ಹೇಳಿದ ಮಾತು ಅವನಿಗೆ ನೆನಪಿತ್ತು. "ಇನ್ನೊಬ್ಬರ ಕೈಲಿ ಉಣ್ಣೋರು ಮೊದಲು ಉಪ್ಪು ಕೇಳೋದು ಬಿಡ್ತಾರೆ ಕಣೋ. ಆಮೇಲೆ ಹಸಿವು ಅನ್ನೋದು ಬಿಡ್ತಾರೆ. ಮೂರನೇದು ಏನು ಬಿಡ್ತಾರೆ ಅಂತ ಹೇಳೋದು ಬೇಡ." ಆ ಸಪ್ಪೆ ಗಂಜಿಯ ದಿನದಿಂದ ಮೇಸ್ತ್ರಿ ಬೇಕೆಂದೇ ದಿನವೂ ಉಪ್ಪನ್ನು ಒಂದು ಚಿಟಿಕೆ ಕಮ್ಮಿ ಹಾಕತೊಡಗಿದ. ಇವತ್ತು ಬೈದಾಳು, ನಾಳೆ ಬೈದಾಳು ಎಂದು ಕಾದ. ಅವಳು ಬಾಯಿ ಬಿಡಲಿಲ್ಲ. ಅವನೂ ಅದೇ ಸಪ್ಪೆಯನ್ನು ಉಂಡ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಳು. ವಾರಕ್ಕೆರಡು ಸಲ ಅಕ್ಕನ ಕೈ ಹಿಡಿದು ಮೆಲ್ಲಗೆ ಮಡಚಿ ಬಿಡಿಸುತ್ತಿದ್ದಳು. ಅಲ್ಲೇ ಮೂಲೆಯಲ್ಲಿ ಒಬ್ಬ ರೋಗಿಯ ಮೊಣಕಾಲನ್ನು ಒಂದು ಯಂತ್ರ ತಾನಾಗಿ ಮಡಚುತ್ತ ಬಿಡಿಸುತ್ತ ಇತ್ತು. ಮೇಸ್ತ್ರಿ ಬಗ್ಗಿ ಅದರ ಅಡಿಯನ್ನೆಲ್ಲ ನೋಡಿದ. ನಿಧಾನದ ಮೋಟಾರು, ಹೋಗಿಬರುವ ಕೋಲು. ಅಯ್ಯೋ, ಇದು ನನ್ನ ಶೇಪರಿನ ತಂಗಿ ಅಲ್ಲವೇ ಎಂದುಕೊಂಡ.

"ಇಂಥದ್ದು ಕೈಗೆ ನಾನೇ ಒಂದು ಮಾಡ್ಲಾ?" ಎಂದು ಕೇಳಿದ.

"ಮಾಡಿ. ಆದ್ರೆ ಶುರು ಮಾಡೋ ಮುಂಚೆ ನಂಗೊಮ್ಮೆ ತಂದು ತೋರಿಸ್ಬೇಕು" ಎಂದಳು ಹುಡುಗಿ. "ಮೊಣಕೈ ಸಿಟ್ಟಿನ ಕೀಲು. ನೋವು ಎಲ್ಲಿ ಶುರುವಾಗುತ್ತೋ ಅಲ್ಲಿಗೇ ನಿಲ್ಲಿಸ್ಬೇಕು. ಒತ್ತಿದ್ರೆ ಮುನಿಸಿಕೊಳ್ಳುತ್ತೆ, ಆಮೇಲೆ ಯಾರ ಮಾತೂ ಕೇಳಲ್ಲ."

ಎಂಟು ಸಂಜೆಗಳಲ್ಲಿ ಯಂತ್ರ ಸಿದ್ಧವಾಯಿತು. ಹಳೆಯ ಬಸ್ಸಿನ ಗಾಜು ಒರೆಸುವ ಮೋಟಾರು, ಅದರ ತುದಿಗೆ ಅಂಗೈ ಅಗಲದ ಚಕ್ರ, ಚಕ್ರದಲ್ಲಿ ಉದ್ದ ತೋಡು ಕೊರೆದು ಸರಿಸುವಂಥ ಗೂಟ, ಗೂಟಕ್ಕೊಂದು ಕೋಲು. ಕೋಲಿನ ಇನ್ನೊಂದು ತುದಿ ಕೈ ಒರಗಿಸುವ ಹಲಗೆಗೆ. ಹಲಗೆಗೆ ಹತ್ತಿಯ ಮೆತ್ತೆ ಹೊಲಿಸಿದ್ದ, ಅದೂ ಅಕ್ಕನಿಗೆ ಇಷ್ಟವಾದ ನೀಲಿ ಬಟ್ಟೆಯಲ್ಲಿ. ಹುಡುಗಿಗೆ ತಂದು ತೋರಿಸಲಿಲ್ಲ. ಮೊನ್ನೆ ಮೊನ್ನೆ ಓದು ಮುಗಿಸಿ ಬಂದವಳು ನನ್ನ ಯಂತ್ರ ನೋಡಿ ಹೇಳುವುದೇನಿದೆ ಎಂಬ ಜಂಬ ಅವನಿಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಅಕ್ಕನ ಕೈಯನ್ನು ಹಲಗೆಯ ಮೇಲೆ ಮಲಗಿಸಿ, ಗೂಟವನ್ನು ನಡುವಿನಿಂದ ಚೂರು ಚೂರೇ ಆಚೆ ಸರಿಸಿ, ಪ್ರತಿ ಸಲ ಚಕ್ರವನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತ ಹೋದ. "ಹೂಂ, ಇಲ್ಲಿ" ಎಂದಳು ಅಕ್ಕ. ಗೂಟ ಆಗ ಇದ್ದ ಜಾಗಕ್ಕೆ ಸೀಮೆಸುಣ್ಣದಿಂದ ಚಕ್ರದ ಮೇಲೆ ಗೀರು ಎಳೆದ. ಕೈ ಹೊರಗೆ ತೆಗೆಸಿ, ಗೂಟವನ್ನು ಕೂರಿಸಿ, ನಟ್ಟು ಬಿಗಿದ. ಬಿಗಿಯುವಾಗ ಅವನು ಅಕ್ಕನೊಡನೆ ಮಾತಾಡುತ್ತಿದ್ದ, ನೀಲಿ ಬಟ್ಟೆ ಸಿಕ್ಕಿದ ಕಥೆ ಹೇಳುತ್ತಿದ್ದ. ಕೈ ತನಗೆ ಗೊತ್ತಿದ್ದುದನ್ನು ತಾನು ಮಾಡಿತು.

ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಯಂತ್ರದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಮೇಸ್ತ್ರಿ ಕೂರುತ್ತಿದ್ದ, ಕಿವಿಗೊಟ್ಟು ಕೇಳುತ್ತಿದ್ದ. ಶೇಪರಿನವನು ಕೆಲಸವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಕಾಯುತ್ತಾನೆ; ತುಂಡಿಗೆ ಏಟಾದರೆ ಸದ್ದು ಒಡೆಯುತ್ತದೆ. ಈ ಯಂತ್ರದ ಸದ್ದು ಬೆಣ್ಣೆಯಂತಿತ್ತು. ಅಕ್ಕ ಟವೆಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಡಿಯಾರ ನೋಡುತ್ತಿದ್ದಳು. ಬಾಯಿ ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡ.

ಏಳನೆಯ ದಿನ ಮೊಣಕೈ ಊದಿಕೊಂಡಿತು. ಮುಟ್ಟಿದರೆ ಆಗ ತಾನೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು. ಡಾಕ್ಟರು ನೋಡಿ ಹುಬ್ಬು ಗಂಟಿಕ್ಕಿದರು. "ಒಳಗೆ ರಕ್ತ ಕಟ್ಟಿದೆ. ಯಾರು ಇದನ್ನ ಇಷ್ಟು ಒತ್ತಿದ್ದು?"

ಮೇಸ್ತ್ರಿ ಅಕ್ಕನ ಕಡೆ ನೋಡಿದ. ಅಷ್ಟರಲ್ಲಿ ಅಕ್ಕನೇ ಹೇಳಿಬಿಟ್ಟಳು. "ಯಾರೂ ಇಲ್ಲ ಡಾಕ್ಟ್ರೆ. ನಾನೇ ಗೋಡೆಗೆ ಒತ್ತಿ ಒತ್ತಿ ನೋಡ್ದೆ. ಬೇಗ ಬಾಗಲಿ ಅಂತ ಆಸೆ."

"ಆಸೆಗೂ ಒಂದು ಮಿತಿ ಇರ್ಬೇಕಮ್ಮಾ. ಇನ್ನು ಮೂರು ವಾರ ಮುಟ್ಟೋ ಹಾಗಿಲ್ಲ. ಇಂಥ ಕಡೆ ಮೂಳೆ ಬೆಳೆದುಬಿಟ್ರೆ ಆಮೇಲೆ ನಾವೇನೂ ಮಾಡೋಕಾಗಲ್ಲ" ಎಂದರು ಡಾಕ್ಟರು. ಮೇಸ್ತ್ರಿ ಅಲ್ಲಿಯೂ ಬಾಯಿ ಬಿಡಲಿಲ್ಲ. ಅರವತ್ತಾರು ವರ್ಷದ ಅಕ್ಕ ಅವನಿಗಾಗಿ ಸುಳ್ಳು ಹೇಳುತ್ತಿದ್ದರೆ, ಐವತ್ತೇಳು ವರ್ಷದ ಗಂಡಸು ಅವಳ ಸೆರಗಿನ ಹಿಂದೆ ಅಡಗಿ ನಿಂತಿದ್ದ.

ಮನೆಗೆ ಬಂದವನೇ ಯಂತ್ರದ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ಸೀಮೆಸುಣ್ಣದ ಗೀರು ಅಳಿಸದೆ ಹಾಗೇ ಇತ್ತು. ಗೂಟ ಗೀರಿನ ಮೇಲಿರಲಿಲ್ಲ, ಅದರಾಚೆ ಇತ್ತು. ಎರಡರ ನಡುವಿನ ಜಾಗದಲ್ಲಿ ತನ್ನ ತೋರುಬೆರಳನ್ನು ಇಟ್ಟು ನೋಡಿದ. ಬೆರಳು ಅಲ್ಲಿ ಅಚ್ಚುಕಟ್ಟಾಗಿ ಕೂತುಕೊಂಡಿತು. ಚಕ್ರದ ಮೇಲೆ ಒಂದು ಬೆರಳೆಂದರೆ ಕೋಲಿನ ಓಟದಲ್ಲಿ ಎರಡು ಬೆರಳು, ಆ ತುದಿಗೊಂದು ಈ ತುದಿಗೊಂದು. ಅದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಇಡೀ ಬೀದಿಯಲ್ಲಿ ಯಾರೂ ಇರಲಿಲ್ಲ.

"ಅಕ್ಕಾ, ನಾನು ಒಂದು ಬೆರಳು ಹೆಚ್ಚಿಗೆ ಇಟ್ಟುಬಿಟ್ಟಿದ್ದೆ" ಎಂದ. ಆಮೇಲೆ ಕೇಳಿದ, "ಅಷ್ಟು ನೋಯ್ತಿದ್ರೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಅಳತೆ ಮಾಡಿ ಇಟ್ಟಿದ್ದೀಯಲ್ಲ, ಇದೇ ಸರಿ ಇರ್ಬೇಕು ಅಂದ್ಕೊಂಡೆ" ಎಂದಳು ಅಕ್ಕ. "ಮೂವತ್ತು ವರ್ಷ ವಾರ್ಡಲ್ಲಿ ನೋವು ಅಂದೋರಿಗೆಲ್ಲ ತಾಳಿದವನು ಬಾಳಿಯಾನು, ತಾಳ್ಕೊಳ್ಳಿ ಅಂದಿರೋ ಬಾಯಿ ಇದು. ಈಗ ನಾನೇ ಅಯ್ಯೋ ಅಂದ್ರೆ, ಸತ್ತೋರೆಲ್ಲ ಎದ್ದು ಬಂದು ನಗಲ್ವಾ?"

ಮೇಸ್ತ್ರಿ ಗೋಡೆಗೆ ಮುಖ ಮಾಡಿ ಅತ್ತ. ಅಕ್ಕ ಸಮಾಧಾನ ಮಾಡಲು ಬಲಗೈ ಚಾಚಿದಳು. ಅವನ ಕೆನ್ನೆಯ ತನಕ ಅದು ಸಲೀಸಾಗಿ ತಲುಪಿತು.

ಮರುದಿನ ಕಾರ್ಖಾನೆಯಲ್ಲಿ ಅವನು ಸುತ್ತಿಗೆ ಹುಡುಕುತ್ತಿದ್ದುದನ್ನು ಲೇತಿನವನು ನೋಡಿದ. ವಿಷಯ ಕೇಳಿ ತಿಳಿದುಕೊಂಡ. ತಮಾಷೆಯ ಮನುಷ್ಯ, ಆದರೆ ಅವತ್ತು ತಮಾಷೆ ಮಾಡಲಿಲ್ಲ.

"ಯಂತ್ರ ಒಡೆದರೆ ಕೈ ಬಾಗುತ್ತಾ ಮೇಸ್ತ್ರಿ? ಶೇಪರಲ್ಲಿ ಓಟದ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಯಾಕೆ? ತುಂಡಿಗೆ ಬಾಯಿಲ್ಲ, ಅದಕ್ಕೆ. ನಿಮ್ಮಕ್ಕಂಗೆ ಬಾಯಿದೆಯಲ್ಲ. ಕೀಲಿ ಅವ್ರ ಕೈಗೆ ಕೊಡು."

ಹೇಳುವುದು ಸುಲಭ. ಸುತ್ತುವ ಚಕ್ರದ ಮೇಲಿನ ಗೂಟವನ್ನು ಯಂತ್ರ ನಿಲ್ಲಿಸದೆ ಸರಿಸುವುದು ಹೇಗೆ? ಅದರಲ್ಲೂ ನಡುಗುವ ಎಡಗೈಯಿಂದ? ಮೂರು ವಾರ ಮೇಸ್ತ್ರಿಗೆ ಬೇರೆ ಯೋಚನೆಯೇ ಇರಲಿಲ್ಲ. ಕೊನೆಗೆ ಹೊಳೆದದ್ದು ಬಹಳ ಸರಳವಾಗಿತ್ತು. ಚಕ್ರದ ಗೂಟವನ್ನು ಇದ್ದಲ್ಲೇ ಬಿಗಿದುಬಿಟ್ಟ. ಆ ಗೂಟ ಒಂದು ಉದ್ದನೆಯ ಕಬ್ಬಿಣದ ಪಟ್ಟಿಯನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುವಂತೆ ಮಾಡಿದ. ಪಟ್ಟಿಯ ಬುಡದಲ್ಲಿ ಕೀಲು. ಬುಡದ ಹತ್ತಿರ ತೂಗಾಟ ಕಮ್ಮಿ, ಮೇಲೆ ಹೋದಷ್ಟೂ ಹೆಚ್ಚು. ಹಲಗೆಯ ಕೋಲನ್ನು ಆ ಪಟ್ಟಿಯ ಉದ್ದಕ್ಕೂ ಮೇಲೆ ಕೆಳಗೆ ಜರುಗುವ ಒಂದು ತುಣುಕಿಗೆ ಸಿಕ್ಕಿಸಿದ. ಪಟ್ಟಿ ಸುತ್ತುವುದಿಲ್ಲ, ಬರೀ ತೂಗುತ್ತದೆ. ಹಾಗಾಗಿ ಯಂತ್ರ ಓಡುತ್ತಿರುವಾಗಲೇ ಆ ತುಣುಕನ್ನು ಜರುಗಿಸಬಹುದು.

ಜರುಗಿಸುವ ತಿರುಪನ್ನು ಲೇತಿನವನು ಕೊರೆದುಕೊಟ್ಟ. ಬಹಳ ಸಣ್ಣ ಎಳೆ. ಒಂದು ಬೆರಳಿನಷ್ಟು ಜರುಗಬೇಕಾದರೆ ಇಪ್ಪತ್ತು ಸುತ್ತು ತಿರುಗಿಸಬೇಕು. "ನಡುಗೋ ಕೈ ಒಂದು ಎಳೆ ಆಚೆ ಹೋದ್ರೆ ಒಂದು ಎಳೆ ಈಚೆ ಬರುತ್ತೆ. ತಿರುಪಿಗೆ ಅದು ಗೊತ್ತೇ ಆಗಲ್ಲ" ಎಂದ. ತಿರುಪಿನ ತಲೆಗೆ ಮೇಸ್ತ್ರಿ ಮುಷ್ಟಿ ಗಾತ್ರದ ಮರದ ಗುಂಡು ಹಾಕಿದ, ಹಿಡಿಯಲು ಆಧಾರವಾಗಲೆಂದು.

ಈ ಸಲ ಯಂತ್ರವನ್ನು ಹೆಗಲ ಮೇಲೆ ಹೊತ್ತು ಮೊದಲು ಆಸ್ಪತ್ರೆಗೆ ಹೋದ. ವ್ಯಾಯಾಮದ ಹುಡುಗಿಯ ಮೇಜಿನ ಮೇಲಿಟ್ಟು, ನಿಂತೇ ಹೇಳಿದ. "ನಮ್ಮಕ್ಕ ಗೋಡೆಗೆ ಒತ್ತಿದ್ದಲ್ಲಮ್ಮಾ. ನಾನೇ. ನಿಮಗೆ ತೋರಿಸ್ದೆ ಯಂತ್ರ ಓಡಿಸ್ದೆ." ಹುಡುಗಿ ಯಂತ್ರವನ್ನು ಸುತ್ತಲೂ ನೋಡಿದಳು. ಆಮೇಲೆ ತನ್ನದೇ ಮೊಣಕೈಯನ್ನು ನೀಲಿ ಮೆತ್ತೆಯ ಮೇಲಿಟ್ಟು, ಮರದ ಗುಂಡು ತಿರುಗಿಸಿ, ಹತ್ತು ನಿಮಿಷ ಓಡಿಸಿ ನೋಡಿದಳು. "ಇದು ಸರಿ ಇದೆ. ಅವರು ತಿರುಗಿಸ್ಲಿ, ನೀವು ಮುಟ್ಟಬೇಡಿ" ಎಂದಳು. ಅವನು ಚಿಕ್ಕ ಮಕ್ಕಳ ಹಾಗೆ ತಲೆಯಾಡಿಸಿದ.

ಯಂತ್ರ ಮುಂದಿಟ್ಟಾಗ ಅಕ್ಕ ಮಾಡಿದ ಮೊದಲ ಕೆಲಸವೆಂದರೆ ಗುಂಡನ್ನು ಹಿಂದಕ್ಕೆ ತಿರುಗಿಸುತ್ತ ಹೋದದ್ದು. ತುಣುಕು ಪಟ್ಟಿಯ ಬುಡಕ್ಕೇ ಬಂತು. ಮೋಟಾರು ಓಡುತ್ತಿತ್ತು, ಚಕ್ರ ಸುತ್ತುತ್ತಿತ್ತು, ಪಟ್ಟಿ ತೂಗುತ್ತಿತ್ತು, ಅವಳ ಕೈ ಮಾತ್ರ ಹಲಗೆಯ ಮೇಲೆ ಅಲುಗದೆ ಮಲಗಿತ್ತು. ಅವಳು ಹಾಗೇ ಕೂತೇ ಇದ್ದಳು. ನಿಲ್ಲು ಎಂದರೆ ನಿಲ್ಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದಾಳೆ ಎಂಬುದು ಮೇಸ್ತ್ರಿಗೆ ಅರ್ಥವಾಯಿತು. ಅವನಿಗೆ ನಾಚಿಕೆಯಾಯಿತು. ತುಂಬ ಹೊತ್ತಾದ ಮೇಲೆ ಅವಳು ಗುಂಡನ್ನು ಒಂದು ಸುತ್ತು ಮುಂದಕ್ಕೆ ತಿರುಗಿಸಿದಳು.

ಐದಾರು ದಿನ ಕಳೆದ ಮೇಲೆ "ಅಯ್ಯೋ" ಎಂದಳು ಜೋರಾಗಿ. ಮೇಸ್ತ್ರಿ ಒಲೆಯ ಹತ್ತಿರದಿಂದ ಓಡಿಬಂದ. ಅವಳು ಆಗಲೇ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಕೊಂಡಿದ್ದಳು. "ನಿನ್ನ ಕರೀಲಿಲ್ಲ, ಹೋಗು. ಸತ್ತೋರು ನಗ್ತಾರಾ ಅಂತ ನೋಡ್ದೆ" ಎಂದಳು.

ಆರು ತಿಂಗಳು ಹೀಗೆ ನಡೆಯಿತು. ಒಂದು ಗೇಣು ದೂರವಿದ್ದದ್ದು ಮೆಲ್ಲಮೆಲ್ಲಗೆ ಅರ್ಧ ಗೇಣಾಯಿತು, ನಾಲ್ಕು ಬೆರಳಾಯಿತು, ಮೂರಾಯಿತು, ಎರಡಾಯಿತು. ಆಮೇಲೆ ನಿಂತಿತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು; ಕೀಲಿನ ಮುಂದೆ ಬೆಳ್ಳಗೆ ಒಂದು ಚೂರು. "ಆಗ ಊದಿಕೊಂಡಿತ್ತಲ್ಲ, ಅಲ್ಲೇ ಮೂಳೆ ಬೆಳೆದಿದೆ. ಇನ್ನು ಇಷ್ಟೇ ಅಮ್ಮಾ" ಎಂದರು. ಮನೆಯಲ್ಲಿ ಅಕ್ಕ ಖಾಲಿ ಚಮಚ ಹಿಡಿದು ಕೈ ಪೂರ್ತಿ ಮಡಚಿದಾಗ ತುಟಿಗೂ ಚಮಚಕ್ಕೂ ಎರಡು ಬೆರಳು ಉಳಿಯುತ್ತಿತ್ತು. ಮೈಯ ಲೆಕ್ಕ ಕಬ್ಬಿಣದ ಲೆಕ್ಕದಷ್ಟು ನೇರವಲ್ಲ, ಯಾರನ್ನು ಕೇಳಿದರೂ ಹೇಳುತ್ತಾರೆ. ಮೇಸ್ತ್ರಿಗೆ ಮಾತ್ರ ಆ ಎರಡು ಬೆರಳು ಯಾರವೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ.

ಡಾಕ್ಟರು ಹಾಗೆಂದ ಮರುದಿನ ಅವನು ಕೆಲಸಕ್ಕೆ ರಜೆ ಹಾಕಿದ. ಮಧ್ಯಾಹ್ನ ಮೇಜಿನ ಮೇಲೆ ಗಂಜಿಯ ಬಟ್ಟಲಿಟ್ಟು, ಎಂದಿನ ಹಾಗೆ ಚಮಚ ತೆಗೆದುಕೊಳ್ಳಲು ಹೋದ.

"ಇಲ್ಲಿ ಕೊಡು" ಎಂದಳು ಅಕ್ಕ.

ಕೊಟ್ಟ. ಅವಳು ಚಮಚವನ್ನು ಗಂಜಿಯಲ್ಲಿ ಅದ್ದಿ ಎತ್ತಿದಳು. ಕೈ ಮಡಚುತ್ತ ಮಡಚುತ್ತ ಬಂದು, ಬಾಯಿಗೆ ಎರಡು ಬೆರಳು ಇದೆ ಎನ್ನುವಾಗ ನಿಂತಿತು. ಮೇಸ್ತ್ರಿಗೆ ತಡೆಯಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬಂತೆ, ಅವನ ಕೈ ತಾನಾಗಿ ಮುಂದೆ ಬಂತು, ಆ ಮೊಣಕೈಯನ್ನು ಇಷ್ಟೇ ಇಷ್ಟು ಒತ್ತಲು.

"ಕೈ ತೆಗಿ" ಎಂದಳು ಅಕ್ಕ.

ಅವನು ಎರಡು ಕೈಗಳನ್ನೂ ಮೇಜಿನ ಕೆಳಗೆ ತೊಡೆಗಳ ನಡುವೆ ಅದುಮಿ ಇಟ್ಟುಕೊಂಡ. ಅಕ್ಕ ಬೆನ್ನು ಬಾಗಿಸಲಿಲ್ಲ, ಅವಸರ ಮಾಡಲಿಲ್ಲ. ಕತ್ತನ್ನಷ್ಟೇ ಮುಂದಕ್ಕೆ ಚಾಚಿ, ಉಳಿದ ಎರಡು ಬೆರಳು ದೂರವನ್ನು ತಾನೇ ಹೋಗಿ, ಚಮಚವನ್ನು ಬಾಯಿಗೆ ತೆಗೆದುಕೊಂಡಳು. ಒಂದು ಹನಿಯೂ ಚೆಲ್ಲಲಿಲ್ಲ. ಒಂಬತ್ತು ತಿಂಗಳಾಗಿತ್ತು, ಅವಳು ತನ್ನ ಕೈಯಿಂದ ತಾನು ಉಂಡು. ನುಂಗಿದಳು. ನುಂಗಿ ಹುಬ್ಬು ಗಂಟಿಕ್ಕಿದಳು.

"ಇದೇನೋ ಇದು? ಉಪ್ಪೇ ಇಲ್ಲ! ಮನುಷ್ಯರು ತಿನ್ನೋದೇನೋ ಇದನ್ನ?"

ಮೇಸ್ತ್ರಿ ಎದ್ದು ಒಳಗೆ ಹೋದ. ಉಪ್ಪಿನ ಡಬ್ಬಿ ಕಣ್ಣೆದುರಿನ ಹಲಗೆಯ ಮೇಲೇ ಇತ್ತು. ಅದು ಅವನಿಗೆ ಕಾಣಲು ಸ್ವಲ್ಪ ಹೊತ್ತು ಹಿಡಿಯಿತು.